ಅಳಿಸಿಹೋದ ಎರಡು ಸಾಲು: ದೊಡ್ಡಪ್ಪನ ಕತ್ತಿಯ ಕೇಸು

ನಂದು ದಾವಣಗೆರೆಯಲ್ಲಿ ಲೇತ್ ವರ್ಕ್‌ಶಾಪ್. ಶಾಫ್ಟು, ಬುಷ್ಷು, ಪಂಪಿನ ಬಿಡಿಭಾಗ, ಇವೇ ನನ್ನ ದಿನದ ಕೆಲಸ. ಕತ್ತಿ ಬಗ್ಗೆ ಬರೆಯೋಕೆ ನಾನೇನು ಇತಿಹಾಸದ ಮೇಷ್ಟ್ರಲ್ಲ. ಆದ್ರೆ ಈ ಕೇಸಿನಲ್ಲಿ ತನಿಖೆ ಮಾಡಿದವನೂ ನಾನೇ, ತಪ್ಪು ಮಾಡಿದವನೂ ನಾನೇ. ಅದಕ್ಕೇ ಪೂರ್ತಿ ಬರೆದಿಡೋಣ ಅನ್ನಿಸ್ತು. ಮನೆಯಲ್ಲಿ ಮಿಲಿಟರಿಯವರ ಕತ್ತಿ ಇಟ್ಕೊಂಡವರು ನಮ್ಮ ಕಡೆ ಕಡಿಮೆ ಏನಿಲ್ಲ.

ನಮ್ಮ ದೊಡ್ಡಪ್ಪ ಸೈನ್ಯದಲ್ಲಿ ಮೇಜರ್ ಆಗಿದ್ದವರು. 1962ರ ಚೀನಾ ಯುದ್ಧ ಆದ ಮೇಲೆ ಸೈನ್ಯಕ್ಕೆ ಅರ್ಜೆಂಟಾಗಿ ಆಫೀಸರ್‌ಗಳು ಬೇಕಾದ್ರು. ಡಿಗ್ರಿ ಮುಗಿಸಿದ ಹುಡುಗರನ್ನು ಆರಿಸಿ, ಕೆಲವೇ ತಿಂಗಳ ತರಬೇತಿ ಕೊಟ್ಟು ಕಳಿಸ್ತಿದ್ದರು. ಎಮರ್ಜೆನ್ಸಿ ಕಮಿಷನ್ ಅಂತ ಅದರ ಹೆಸರು. 1963ರಲ್ಲಿ ಮದ್ರಾಸಿನಲ್ಲಿ ಇದಕ್ಕಂತಲೇ ಶುರುವಾದ ಆಫೀಸರ್ಸ್ ಟ್ರೈನಿಂಗ್ ಸ್ಕೂಲಿಗೆ ದೊಡ್ಡಪ್ಪ ಹೋದರು. 65ರ ಯುದ್ಧ, 71ರ ಯುದ್ಧ ಎರಡನ್ನೂ ನೋಡಿದರು. 1983ರಲ್ಲಿ ಪೆನ್ಷನ್ ತಗೊಂಡು ಊರಿಗೆ ಬಂದರು. ಬಂದಾಗ ಟ್ರಂಕಿನ ಜೊತೆ ಉದ್ದನೆಯ ಮರದ ಪೆಟ್ಟಿಗೆಯೂ ಇತ್ತು, ಅದರೊಳಗೆ ಈ ಕತ್ತಿ.

ಅವತ್ತಿನಿಂದ ಅದು ಹಾಲ್‌ನ ಶೋಕೇಸಿನ ಮೇಲಿನ ಗೋಡೆಯಲ್ಲೇ ಇತ್ತು. ಹಿತ್ತಾಳೆ ಹಿಡಿ, ಅದರ ಮೇಲೆ ನಾಲ್ಕು ಸಿಂಹದ ಲಾಂಛನ, ಅಲಗಿನ ಮೇಲೆ ಬಳ್ಳಿ ಚಿತ್ತಾರ, ಕಪ್ಪು ಚರ್ಮದ ಒರೆ, ಒರೆಗೆ ಹಳದಿ ಬಳೆಗಳು. ನಾವು ಹುಡುಗರು ಬೇಸಿಗೆ ರಜೆಗೆ ಹೋದಾಗ ಮೊದಲು ನೋಡ್ತಿದ್ದದ್ದು ಅದನ್ನೇ. ಮುಟ್ಟೋ ಹಾಗಿರಲಿಲ್ಲ.

ದೊಡ್ಡಪ್ಪ ತೀರಿಕೊಂಡು ಮೂರು ವರ್ಷ ಆಯ್ತು. ಹೋದ ವರ್ಷ ಊರಿನ ಒಂದು ಸಂಘದವರು ದೊಡ್ಡಮ್ಮನ ಹತ್ರ ಬಂದು, ನಮ್ಮ ಭವನದಲ್ಲಿ ಮೇಜರ್ ಸಾಹೇಬರ ಕತ್ತಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡ್ತೀವಿ, ಕೆಳಗೆ ಬೋರ್ಡ್ ಹಾಕ್ತೀವಿ ಅಂದರು. ಬೋರ್ಡಿನ ಒಕ್ಕಣೆಯನ್ನೂ ಬರೆದುಕೊಂಡೇ ಬಂದಿದ್ದರು: ‘ಸೇನಾ ತರಬೇತಿಯಲ್ಲಿ ಪ್ರಥಮ ಸ್ಥಾನ ಪಡೆದು ಸ್ವೋರ್ಡ್ ಆಫ್ ಆನರ್ ಪುರಸ್ಕೃತರಾದ…’ ಅಂತ. ಅದೇ ಹೊತ್ತಿಗೆ ಅಮೆರಿಕದಲ್ಲಿರೋ ಮೊಮ್ಮಗ ಫೋನ್ ಮಾಡಿ, ಕತ್ತಿ ಯಾರಿಗೂ ಕೊಡಬೇಡಿ, ನಾನು ತಗೊಂಡು ಹೋಗ್ತೀನಿ ಅಂದ. ಶಿವಮೊಗ್ಗದಲ್ಲಿರೋ ಅಕ್ಕನಿಗೆ ಬೇರೆಯದೇ ಚಿಂತೆ. ಅಪ್ಪ ಇದ್ದಾಗ ಸರಿ, ಈಗ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಕತ್ತಿ ಇಟ್ಕೊಂಡರೆ ಪೊಲೀಸಿನವರು ಬರಲ್ವಾ? ಮೂವರಿಗೂ ಕೊನೆಗೆ ನೆನಪಾದವನು ನಾನು. ಕಬ್ಬಿಣದ ಕೆಲಸದವನಲ್ವಾ, ಒಂದ್ಸಲ ಕ್ಲೀನ್ ಮಾಡಿ, ಸ್ಟ್ಯಾಂಡ್ ಮಾಡಿಕೊಡು ಅಂದರು.

ಗೋಡೆಯಿಂದ ಇಳಿಸಿ, ಪೇಪರ್ ಹಾಸಿದ ಮೇಜಿನ ಮೇಲಿಟ್ಟು, ಒರೆಯಿಂದ ಎಳೆದೆ. ಬರಲಿಲ್ಲ. ಹಿಡಿ ಹಿಡಿದು ಜಗ್ಗೋದು ಬಿಟ್ಟು, ಸ್ವಲ್ಪ ಸ್ವಲ್ಪವೇ ಅತ್ತಿತ್ತ ಅಲ್ಲಾಡಿಸಿ ಹೊರಗೆ ತೆಗೆದಾಗ ಅಲಗಿನ ಜೊತೆ ಕಂದು ಪುಡಿ ಉದುರಿತು. ಒರೆಯ ಬಾಯಿಂದ ಒಂದು ಗೇಣು ಒಳಗೆ ಪೂರ್ತಿ ತುಕ್ಕು. ಚರ್ಮ ಹದ ಮಾಡುವಾಗ ಹಾಕಿದ ಒಗರು, ಹುಳಿ ಎಲ್ಲ ಚರ್ಮದಲ್ಲೇ ಉಳಿದಿರುತ್ತೆ. ಮಳೆಗಾಲದ ತೇವ ಸೇರಿದರೆ ಅದು ಉಕ್ಕನ್ನು ಮೆಲ್ಲಗೆ ತಿನ್ನುತ್ತೆ. ಕತ್ತಿಯನ್ನು ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಇಡಬಾರದು. ಪಕ್ಕದಲ್ಲಿ ಒರೆ, ಪಕ್ಕದಲ್ಲಿ ಅಲಗು, ಬೇರೆ ಬೇರೆ ಇಡಬೇಕು. ಇದು ನನಗೂ ಆಮೇಲೆ ಓದಿ ಗೊತ್ತಾಗಿದ್ದು.

ಮೊದಲು ಅಳತೆ ತಗೊಂಡೆ, ಅದು ಕೈಯ ಚಟ. ಅಲಗು 30 ಇಂಚು. ಇಲ್ಲೇ ಮೊದಲ ಅನುಮಾನ ಬಂತು. ಕಾಲಾಳು ಪಡೆಯ ಆಫೀಸರ್‌ಗಳು ಪೆರೇಡಿನಲ್ಲಿ ಹಿಡಿಯೋ ಕತ್ತಿಗೆ ಮೂಲ ಬ್ರಿಟಿಷರ 1897ರ ಮಾದರಿ. ನೇರ ಅಲಗು, ಹತ್ರ ಹತ್ರ ಮೂವತ್ತೆರಡೂವರೆ ಇಂಚು ಉದ್ದ, ಚುಚ್ಚೋಕೆ ಅಂತಲೇ ಮಾಡಿದ್ದು. ಬೆರಳು ಕಾಯೋ ಬಟ್ಟಲು ಉಕ್ಕಿನ ತಗಡಿಂದು. ನಮ್ಮದರ ಬಟ್ಟಲು ಎರಕದ ಹಿತ್ತಾಳೆ. ಮ್ಯಾಗ್ನೆಟ್ ಇಟ್ಟು ನೋಡಿದೆ, ಹಿಡಿಗೆ ಅಂಟಲಿಲ್ಲ, ಅಲಗಿಗೆ ಅಂಟಿತು. ಅಲಗು ಉಕ್ಕು, ಅದರ ಮೇಲೆ ನಿಕ್ಕಲ್ ಪ್ಲೇಟಿಂಗ್. ಅಂಚು ಪೂರ್ತಿ ಮೊಂಡು, ಹರಿತ ಮಾಡಿದ ಗುರುತೇ ಇಲ್ಲ. ಅಂದ್ರೆ ಇದು ಹಿಡಿದು ಪೆರೇಡ್ ಮಾಡಿದ ಕತ್ತಿಯಲ್ಲ. ಕೊಡೋಕಂತಲೇ ಮಾಡಿಸಿದ ಕತ್ತಿ.

ಕೊಟ್ಟಿದ್ದು ಯಾರು ಅನ್ನೋದೇ ಪ್ರಶ್ನೆ. ಮಿಲಿಟರಿಯವರ ಮನೆಯಲ್ಲಿ ಸಿಗೋ ಅಲಂಕಾರದ ಕತ್ತಿ ಹಲವು ದಾರಿಯಲ್ಲಿ ಬಂದಿರಬಹುದು. ಅಕಾಡೆಮಿಯಲ್ಲಿ ಎಲ್ಲದರಲ್ಲೂ ಮುಂದಿದ್ದ ಒಬ್ಬನೇ ಒಬ್ಬ ಕ್ಯಾಡೆಟ್‌ಗೆ ಕೊಡೋದು ಸ್ವೋರ್ಡ್ ಆಫ್ ಆನರ್. ಒಂದು ಕೋರ್ಸಿಗೆ ಒಂದೇ. ಅದರ ತೂಕ ಎಷ್ಟು ಅಂತ ಗೊತ್ತಾಗಬೇಕಾದ್ರೆ ಒಂದು ಮಾತು ಹೇಳ್ತೀನಿ. 1932ರಲ್ಲಿ ಡೆಹ್ರಾಡೂನಿನ ಅಕಾಡೆಮಿ ಶುರುವಾದಾಗ ಮೊದಲ ತಂಡದಲ್ಲಿ 40 ಜನ. ಮುಂದೆ ಫೀಲ್ಡ್ ಮಾರ್ಷಲ್ ಆದ ಮಾಣೆಕ್‌ಷಾ ಆ ತಂಡದಲ್ಲಿ ಇದ್ದರು. ಆದ್ರೆ ಕತ್ತಿ ಹೋಗಿದ್ದು ಬರ್ಮಾದ ಸ್ಮಿತ್ ಡನ್ ಅನ್ನೋರಿಗೆ, ಅವರು ಮುಂದೆ ಬರ್ಮಾ ಸೈನ್ಯದ ಮುಖ್ಯಸ್ಥರೂ ಆದರು. ಮಾಣೆಕ್‌ಷಾಗೇ ಸಿಗದ ಕತ್ತಿ ಅದು! ಇನ್ನು, ನಿವೃತ್ತಿಯಾಗುವಾಗ ಅಥವಾ ಬೇರೆ ಕಡೆ ವರ್ಗವಾಗುವಾಗ ಪಲ್ಟನ್ನಿನವರು ನೆನಪಿಗೆ ಅಂತ ಕೊಡೋ ಕತ್ತಿ ಬೇರೆ. ಊರಿನವರು ಸನ್ಮಾನದಲ್ಲಿ ಪೇಟ, ಶಾಲು, ಹಾರದ ಜೊತೆ ಕೊಡೋದು ಇನ್ನೊಂದು, ಆ ಥರದ್ದು ರಾಜಕಾರಣಿಗಳ ಮನೆಯಲ್ಲಿ ಬೆಳ್ಳಿ ಗದೆ ಪಕ್ಕ ರಾಶಿ ಬಿದ್ದಿರುತ್ತೆ. ನೋಡೋಕೆ ಎಲ್ಲವೂ ಹೊಳೀತವೆ. ಯಾವುದು ಯಾವುದು ಅಂತ ಹೇಳೋದು ಅಲಗಿನ ಮೇಲಿನ ಬರಹ ಮಾತ್ರ.

ಆ ಬರಹ ಇರಲಿಲ್ಲ.

ಅಲಗಿನ ಒಂದು ಮಗ್ಗುಲಲ್ಲಿ ಬಳ್ಳಿ ಚಿತ್ತಾರ ಮಸುಕಾಗಿ ಉಳಿದಿತ್ತು. ಇನ್ನೊಂದು ಮಗ್ಗುಲಲ್ಲಿ, ಬರಹ ಇರಬೇಕಾದ ಜಾಗದಲ್ಲಿ, ಬರೀ ನುಣುಪು. ಆ ನುಣುಪಿನ ಮೇಲೆ ಸಾಸಿವೆ ಎರಚಿದ ಹಾಗೆ ಕಪ್ಪು ಚುಕ್ಕಿಗಳು. ದೊಡ್ಡಮ್ಮನನ್ನು ಕೇಳಿದೆ. “ಇಲ್ಲಿ ಏನೋ ಇಂಗ್ಲಿಷಿನಾಗ ಬರೆದಿತ್ತಲ್ಲ ದೊಡ್ಡಮ್ಮ, ಎಲ್ಲಿ ಹೋತು?”

“ವರ್ಷಾ ಆಯುಧ ಪೂಜೆಗೆ ತೊಳೀತಿದ್ದೆ ತಮ್ಮಾ. ಹುಣಸೆಹಣ್ಣು, ಉಪ್ಪು ಹಾಕಿ ಚೆಂದಗೆ ತಿಕ್ಕಿ, ವಿಭೂತಿ ಹಚ್ಚಿ, ನಿಂಬೆಹಣ್ಣು ಚುಚ್ಚಿ ಇಡ್ತಿದ್ದೆ. ಅದಕ್ಕೇನಾಗೇತಿ ಈಗ?”

ಏನೇನಾಗೇತಿ ಅಂತ ಹೇಳೋಕೆ ಬಾಯಿ ಬರಲಿಲ್ಲ. ಹುಣಸೆಹಣ್ಣು ಹಿತ್ತಾಳೆ ಬಿಂದಿಗೆಗೆ, ತಾಮ್ರದ ಚೊಂಬಿಗೆ ಸರಿ. ಅದರ ಹುಳಿ ಮೇಲಿನ ಕಿಲುಬನ್ನು ಕರಗಿಸುತ್ತೆ, ಪಾತ್ರೆ ಫಳಫಳ ಅನ್ನುತ್ತೆ. ಆದ್ರೆ ಉಕ್ಕಿಗೆ ಅದು ವಿಷ. ಜೊತೆಗೆ ಉಪ್ಪು ಸೇರಿದರೆ ತುಕ್ಕಿಗೆ ಹಬ್ಬ. ಒದ್ದೆ ವಿಭೂತಿ, ಕುಂಕುಮ ರಾತ್ರಿಯೆಲ್ಲ ಅಲಗಿಗೆ ಅಂಟಿಕೊಂಡು ತೇವ ಹಿಡಿದಿಟ್ಟುಕೊಳ್ಳುತ್ತೆ. ಚುಚ್ಚಿದ ನಿಂಬೆಹಣ್ಣಿನ ರಸ ತುದಿಯಿಂದ ಇಳಿದು ಒರೆಯೊಳಗೆ ಹೋಗುತ್ತೆ. ಸುಮಾರು 40 ಆಯುಧ ಪೂಜೆ ಲೆಕ್ಕ ಹಾಕಿ.

ಆದ್ರೂ ಲೆಕ್ಕ ತಾಳೆ ಆಗಲಿಲ್ಲ. ಹುಳಿಯಿಂದ ಬರಹ ಒರಟಾಗಬೇಕು, ನುಣುಪಾಗಬಾರದು. ಬಳ್ಳಿ ಚಿತ್ತಾರದ ಕಡೆ ನಿಕ್ಕಲ್ ಇನ್ನೂ ಇದೆ, ಬರಹದ ಕಡೆ ಮಾತ್ರ ಕೆಳಗಿನ ಉಕ್ಕು ಬಯಲಾಗಿದೆ, ಅದೂ ಅಂಗೈ ಅಗಲದಷ್ಟು ಜಾಗದಲ್ಲಿ. ಗೆರೆಗಳು ನೋಡಿದರೆ ಅಡ್ಡಡ್ಡ, ಒಂದೇ ಸಮ. ಇದು ಕೈಯಲ್ಲಿ ತಿಕ್ಕಿದ್ದಲ್ಲ. ಬಫಿಂಗ್ ಚಕ್ರದ ಗೆರೆ, ಅಂದ್ರೆ ಹೊಳಪು ಕೊಡೋ ಮೋಟರ್ ಚಕ್ರದ್ದು. ದಿನಾ ನೋಡೋ ಗೆರೆ ನನಗೆ ಗೊತ್ತಾಗದೇ ಇರುತ್ತಾ?

ಆಗ ನೆನಪಾಯ್ತು. 1999. ಕಾರ್ಗಿಲ್ ಯುದ್ಧ ಮುಗಿದಿತ್ತು, ಊರೂರಿನಲ್ಲಿ ಯೋಧರಿಗೆ ಸನ್ಮಾನ. ಆಗಸ್ಟ್ 15ಕ್ಕೆ ನಮ್ಮ ಊರಿನಲ್ಲೂ ಮಾಜಿ ಸೈನಿಕರನ್ನು ವೇದಿಕೆ ಹತ್ತಿಸೋರಿದ್ದರು. ದೊಡ್ಡಪ್ಪ ಯೂನಿಫಾರ್ಮಿನ ಬ್ಲೇಜರ್ ಹಾಕ್ಕೊಂಡು, ಪದಕ ಸಿಕ್ಕಿಸಿಕೊಂಡು ಹೋಗೋರು. ಕತ್ತಿಯನ್ನೂ ವೇದಿಕೆಯಲ್ಲಿ ಇಡೋಣ ಅಂತ ಯಾರೋ ಹೇಳಿದರು. ನನಗೆ ಆಗ 19, ಆಗಷ್ಟೇ ಒಬ್ಬರ ವರ್ಕ್‌ಶಾಪಿನಲ್ಲಿ ಕೆಲಸ ಕಲೀತಿದ್ದೆ. ‘ನಾನು ಹೊಳಪು ಮಾಡಿಸ್ಕೊಂಡು ಬರ್ತೀನಿ’ ಅಂತ ಟವೆಲಿನಲ್ಲಿ ಸುತ್ತಿ, ಸೈಕಲ್ಲಿನ ಮೇಲೆ ತಗೊಂಡು ಹೋದೆ. ಮಾಡಿಸಲೂ ಇಲ್ಲ, ನಾನೇ ಮಾಡಿದೆ. ಚಕ್ರಕ್ಕೆ ಪಾಲಿಶ್ ಸೋಪು ಹಚ್ಚಿ, ಬರಹದ ಮೇಲೆ ಸ್ವಲ್ಪ ಕರೆ ಜಾಸ್ತಿ ಇದ್ದದ್ದಕ್ಕೆ ಅಲ್ಲೇ ಒತ್ತಿ ಹಿಡಿದೆ. ಆ ಬರಹ ಉಳಿಯಿಂದ ಕೆತ್ತಿದ್ದಲ್ಲ, ಆಸಿಡ್ ಹಾಕಿ ಕೊರೆಸಿದ್ದು. ಅದರ ಆಳ ಕೂದಲಿನಷ್ಟೂ ಇರಲ್ಲ. ಮೋಟರಿನ ಚಕ್ರಕ್ಕೆ ಅದು ಒಂದೆರಡು ನಿಮಿಷದ ಕೆಲಸ. ಕೆಳಗಿನ ಉಕ್ಕು ಬಯಲಾಯ್ತು, ಆಮೇಲಿನ ಹುಣಸೆಹಣ್ಣು ಆ ಬಯಲಾದ ಜಾಗವನ್ನೇ ತಿಂತು. ದೊಡ್ಡಮ್ಮನ ಮೇಲೆ ಹೊರಿಸೋಕೆ ಹೊರಟಿದ್ದೆನಲ್ಲ, ಬಾಗಿಲು ತೆಗೆದುಕೊಟ್ಟವನು ನಾನೇ.

ಕತ್ತಿ ವಾಪಸ್ ಕೊಟ್ಟಾಗ ದೊಡ್ಡಪ್ಪ ಏನಂದರು ಅಂತ ಎಷ್ಟು ನೆನಪು ಮಾಡಿಕೊಂಡರೂ ಮಾತು ನೆನಪಾಗಲ್ಲ. ಅವರು ಅಲಗನ್ನು ಕಿಟಕಿ ಬೆಳಕಿಗೆ ಹಿಡಿದರು. ಹೆಬ್ಬೆರಳನ್ನು ಆ ಜಾಗದ ಮೇಲೆ ಒಂದ್ಸಲ ಎಳೆದರು. ‘ಚೆನ್ನಾಗಿ ಹೊಳೀತೈತಿ’ ಅಂದಿರಬೇಕು. ಬೈದಿದ್ದರೆ ನೆನಪಿರ್ತಿತ್ತು.

ಆ ದಿನವೇ ವೇದಿಕೆ ಮೇಲೆ ನಿರೂಪಕರು ‘ಸ್ವೋರ್ಡ್ ಆಫ್ ಆನರ್ ಪಡೆದ ವೀರ’ ಅಂತ ಮೈಕಿನಲ್ಲಿ ಕೂಗಿದ್ದು. ಕತ್ತಿ ಕಂಡಿತು, ಬರಹ ಕಾಣಲಿಲ್ಲ, ಗೊತ್ತಿದ್ದ ಹೆಸರು ಇಟ್ಟರು. ಮಾರನೇ ದಿನದಿಂದ ನೆಂಟರೆಲ್ಲ ಅದನ್ನೇ ಹೇಳಿಕೊಂಡು ಬಂದರು, ನಾನೂ ಹೇಳಿದ್ದೀನಿ. ದೊಡ್ಡಪ್ಪ ಯಾಕೆ ತಿದ್ದಲಿಲ್ಲ ಅಂತ ಅಕ್ಕ ಕೇಳಿದಳು. ತಿದ್ದಬೇಕಾದ್ರೆ ಬರಹ ತೋರಿಸಬೇಕಿತ್ತು. ಅದನ್ನು ಅಳಿಸಿದ ಹುಡುಗ ಎದುರಿಗೇ ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೀತಿದ್ದ. ಇದು ನನ್ನ ಊಹೆ, ಅಷ್ಟೇ.

ಸರಿ, ಈಗ ಓದೋದು ಹೇಗೆ? ವರ್ಕ್‌ಶಾಪಿನಲ್ಲಿ ಮಾರ್ಕಿಂಗ್ ಬ್ಲೂ ಇರುತ್ತೆ, ಹಚ್ಚಿ ಒರೆಸಿದರೆ ಸಣ್ಣ ಗೀರೂ ಎದ್ದು ಕಾಣುತ್ತೆ. ಕೈ ಅಲ್ಲಿಗೇ ಹೋಯ್ತು. ಒಂದ್ಸಲ ಬುದ್ಧಿ ಕಲಿತಿದ್ದರಿಂದ ತಡೆದುಕೊಂಡೆ. ರಾತ್ರಿ ಲೈಟ್ ಆಫ್ ಮಾಡಿ, ಮೊಬೈಲ್ ಟಾರ್ಚನ್ನು ಅಲಗಿನ ಮಟ್ಟಕ್ಕೇ ಮಲಗಿಸಿ ಅಡ್ಡಡ್ಡ ಬೆಳಕು ಬಿಟ್ಟೆ. ನೇರ ಬೆಳಕಿನಲ್ಲಿ ಏನೂ ಇಲ್ಲದ ಜಾಗದಲ್ಲಿ, ಅಡ್ಡ ಬೆಳಕಿಗೆ ಅಕ್ಷರದ ಅಂಚುಗಳು ಸಣ್ಣ ನೆರಳು ಬಿಡ್ತವೆ. ಬೆಳಕನ್ನು ಒಂದೊಂದು ದಿಕ್ಕಿನಿಂದ ಬಿಟ್ಟು ಹದಿನೈದು ಇಪ್ಪತ್ತು ಫೋಟೊ ತೆಗೆದೆ. ಮೊದಲ ಸಾಲಿನಲ್ಲಿ ‘ಟು ಮೇಜರ್’ ಸಿಕ್ಕಿತು. ಕೆಳಗಿನ ಸಾಲಿನಲ್ಲಿ ‘ಆಲ್ ರ್ಯಾ’ ಅಷ್ಟು, ಆಮೇಲೆ ಖಾಲಿ, ಕೊನೆಗೆ ‘83’.

‘83’ ಅಂದ ಮೇಲೆ ತರಬೇತಿಯ ಕತ್ತಿ ಅನ್ನೋ ಮಾತು ಅಲ್ಲಿಗೇ ಮುಗೀತು. ಆ ಕಾಲದಲ್ಲಿ ತರಬೇತಿ ಮುಗಿಸಿ ಹೊರಬರ್ತಿದ್ದವನು ಸೆಕೆಂಡ್ ಲೆಫ್ಟಿನೆಂಟ್, ಮೇಜರ್ ಅಲ್ಲ. ‘ಆಲ್ ರ್ಯಾಂಕ್ಸ್’ ಅನ್ನೋದು ಮಿಲಿಟರಿಯವರು ದಿನಾ ಬಳಸೋ ಮಾತು, ಆಫೀಸರಿನಿಂದ ಹಿಡಿದು ಕೊನೆಯ ಜವಾನನವರೆಗೆ ಎಲ್ಲರೂ ಅಂತ.

ಪೂರ್ತಿ ಉತ್ತರ ಸಿಕ್ಕಿದ್ದು ಮರದ ಪೆಟ್ಟಿಗೆಯಲ್ಲಿ. ಅದು ಅಟ್ಟದ ಮೇಲಿತ್ತು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ವಿಳಾಸ: ದಾವಣಗೆರೆ, ಚಿತ್ರದುರ್ಗ ಜಿಲ್ಲೆ. 1997ರಲ್ಲಿ ನಮ್ಮದೇ ಜಿಲ್ಲೆ ಆಗೋ ಮುಂಚಿನ ವಿಳಾಸ. ಒಳಗೆ ನೀಲಿ ಮಖಮಲ್ಲು, ಒಂದು ಮೂಲೆಯಲ್ಲಿ ಗೆದ್ದಲು. ಗೆದ್ದಲು ಎಷ್ಟು ಒಳಗೆ ಹೋಗಿದೆ ನೋಡೋಣ ಅಂತ ಮಖಮಲ್ಲು ಎತ್ತಿದರೆ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ಎರಡು ಹಾಳೆ. ಒಂದು, ಬೀಳ್ಕೊಡುಗೆ ಕಾರ್ಯಕ್ರಮದ ಟೈಪ್ ಮಾಡಿದ ಪಟ್ಟಿ. ಕತ್ತಿ ಮೇಲೆ ಏನು ಬರೆಸಬೇಕು ಅನ್ನೋ ಎರಡು ಸಾಲು ಅದರಲ್ಲೇ ಇತ್ತು, ಹೆಸರು, ಘಟಕದ ನಂಬರು ಸಮೇತ. ಇನ್ನೊಂದು, ಕೈಬರಹದ ಲೆಕ್ಕ. ಕತ್ತಿಗೆ ಯಾರು ಎಷ್ಟು ಕೊಟ್ಟರು ಅಂತ. ಆಫೀಸರ್‌ಗಳದು ಮೇಲೆ. ಕೆಳಗೆ ಇಳೀತಾ ಇಳೀತಾ ಜವಾನರು, ಡ್ರೈವರ್, ಅಡುಗೆಯವನು, ಧೋಬಿ. ಕೊನೆಯ ಸಾಲು ‘ಬಾರ್ಬರ್ – 2 ರೂ.’ ಎಲ್ಲದರ ಕೆಳಗೆ ಒಟ್ಟು ಮೊತ್ತ, ಖರ್ಚು, ಉಳಿದ ಚಿಲ್ಲರೆ ಯಾವ ನಿಧಿಗೆ ಹೋಯ್ತು ಅನ್ನೋದು, ಸಹಿ. ಎಂಥಾ ಶಿಸ್ತು ನೋಡಿ.

ದೊಡ್ಡಮ್ಮನಿಗೆ ಓದಿ ಹೇಳಿದೆ. ಬಾರ್ಬರ್ ಅಂದ ಕೂಡಲೇ ಅವರಿಗೆ ಆ ಮನುಷ್ಯ ನೆನಪಾದ. “ಅವ್ನೇ ಅಲ್ಲೇನು, ನಮ್ಮ ಮಗನ ಮೊದಲ ಜವಳ ಕ್ವಾರ್ಟರ್ಸಿನಾಗ ತೆಗೆದವ್ನು” ಅಂದರು. ಬೆಂಗಳೂರಿನ ಅಣ್ಣ ಫೋನಿನಲ್ಲಿ ಇದ್ದ, ಅವನ ತಲೆಯ ವಿಷಯವೇ ಅದು. ಸ್ವಲ್ಪ ಹೊತ್ತು ಅವನ ಕಡೆಯಿಂದ ಮಾತಿಲ್ಲ.

ಸಂಘದವರಿಗೆ ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯ್ತು. ‘ಪ್ರಥಮ ಸ್ಥಾನ’ ಅಂತ ಇದ್ದರೆ ಚೆನ್ನಾಗಿರ್ತಿತ್ತು ಸಾರ್, ಯಾರು ಚೆಕ್ ಮಾಡ್ತಾರೆ ಅಂದರು. ನಾನು ಟಿಪ್ಪುವಿನ ಕತ್ತಿಯ ಉದಾಹರಣೆ ಕೊಟ್ಟೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅವನ ಮಲಗೋ ಕೋಣೆಯಲ್ಲಿ ಸಿಕ್ಕ ಕತ್ತಿಯನ್ನು ಸೈನ್ಯದವರು ದಾಳಿ ನಡೆಸಿದ ಮೇಜರ್ ಜನರಲ್ ಬೇರ್ಡ್‌ಗೆ ಗೌರವದ ಕಾಣಿಕೆಯಾಗಿ ಕೊಟ್ಟರು. ಅದೇ ಕತ್ತಿ 2023ರ ಮೇನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯ್ತು. ಅದು ನಮಗೆ ನೋವಿನ ಕಥೆ, ಬೇರೆ ಮಾತು. ಆದ್ರೆ ಯಾರಿಂದ ಯಾರಿಗೆ ಹೋಯ್ತು ಅನ್ನೋ ದಾಖಲೆ ಇಲ್ಲದಿದ್ದರೆ ಅದು ಚಿನ್ನದ ಕೆಲಸದ ಮತ್ತೊಂದು ಹಳೇ ಕತ್ತಿ ಆಗಿರ್ತಿತ್ತು ಅಷ್ಟೇ. ನಮ್ಮ ಹತ್ರ ದಾಖಲೆ ಇದೆ, ಕೈಬರಹದಲ್ಲಿ ಎರಡು ರೂಪಾಯಿಯವರೆಗೆ. ಇದನ್ನು ಬಿಟ್ಟು ಸುಳ್ಳು ಯಾಕೆ ಬರೆಸೋಣ? ಅವರು ಯೋಚನೆ ಮಾಡ್ತೀವಿ ಅಂತ ಹೋದವರು ಮತ್ತೆ ಬರಲಿಲ್ಲ. ಒಳ್ಳೇದೇ ಆಯ್ತು.

ಅಕ್ಕನ ಲೈಸೆನ್ಸ್ ಚಿಂತೆ ಸುಮ್ನೆ ತಳ್ಳಿಹಾಕೋ ಹಾಗಿರಲಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಕತ್ತಿಯೂ ಆಯುಧವೇ, 2016ರ ನಿಯಮಗಳಲ್ಲೂ ಅದರ ಹೆಸರಿದೆ. ಆದ್ರೆ ಬಂದೂಕಿನ ಹಾಗೆ ಎಲ್ಲ ಕಡೆ ಲೈಸೆನ್ಸ್ ಕಡ್ಡಾಯ ಅಂತಲ್ಲ. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ, ಅದರಲ್ಲಿ ಹೇಳಿದ ಥರದ ಆಯುಧಕ್ಕೆ ಮಾತ್ರ ಬೇಕು. ಮೊಂಡು ಕತ್ತಿ ಅಲ್ವಾ, ಆಟಿಕೆ ಅಂದುಕೊಳ್ಳೋಣ ಅಂತ ನಾವೇ ತೀರ್ಪು ಕೊಟ್ಕೊಳ್ಳಲಿಲ್ಲ. ಅಳತೆ, ಫೋಟೊ, ದೊಡ್ಡಪ್ಪನ ಪೆನ್ಷನ್ ದಾಖಲೆ, ಆ ಎರಡು ಹಾಳೆಯ ಜೆರಾಕ್ಸ್ ಸೇರಿಸಿ ಜಿಲ್ಲಾಧಿಕಾರಿ ಕಚೇರಿಗೆ ದೊಡ್ಡಮ್ಮನ ಹೆಸರಲ್ಲಿ ಅರ್ಜಿ ಕೊಟ್ಟು, ಸೀಲ್ ಹಾಕಿಸಿಕೊಂಡ ಪ್ರತಿಯನ್ನು ಫೈಲಿನಲ್ಲಿ ಇಟ್ಟೆವು. ಮೆರವಣಿಗೆಗೆ, ನಾಟಕಕ್ಕೆ ಅಂತ ಯಾರು ಕೇಳಿದರೂ ಕೊಡಲ್ಲ ಅಂತಲೂ ತೀರ್ಮಾನ ಆಯ್ತು.

ಮೊಮ್ಮಗನಿಗೆ ಕಾನೂನಿನ ಅಡ್ಡಿ ಅಷ್ಟಿರಲಿಲ್ಲ. ನೂರು ವರ್ಷ ದಾಟಿದ ಕತ್ತಿ ಆಗಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ದೇಶದಿಂದ ಹೊರಗೆ ಒಯ್ಯೋ ಹಾಗೇ ಇಲ್ಲ. 1918ರಲ್ಲಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆಯ ಕಾಲದ ಕತ್ತಿ ಯಾರ ಮನೆಯಲ್ಲಾದ್ರೂ ಇದ್ದರೆ ಇದು ನೆನಪಿರಲಿ. ನಮ್ಮದು 83ರದ್ದು. ಆದ್ರೆ ಆ ಹುಡುಗ ಊರಿಗೆ ಬಂದು ಲೆಕ್ಕದ ಹಾಳೆ ನೋಡಿದ ಮೇಲೆ ತಾನೇ ಬೇಡ ಅಂದ. ಕತ್ತಿ ಬದಲು ಆ ಹಾಳೆಯ ಫೋಟೊ ಫ್ರೇಮ್ ಹಾಕಿಸಿಕೊಂಡು ಹೋದ.

ಕತ್ತಿಗೆ ನಾನು ಮಾಡಿದ್ದು ಬಹಳ ಕಡಿಮೆ. ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಕುಂಕುಮ, ಎಣ್ಣೆ ಜಿಡ್ಡು ಒರೆಸಿದೆ. ತುಕ್ಕಿನ ಪುಡಿಯನ್ನು ಮಾತ್ರ ಮರದ ಕಡ್ಡಿಯಿಂದ ತೆಗೆದೆ, ಸ್ಯಾಂಡ್ ಪೇಪರ್ ಹತ್ತಿರವೂ ತರಲಿಲ್ಲ. ಗ್ಲೌಸ್ ಹಾಕ್ಕೊಂಡೇ ಮುಟ್ಟಿದೆ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗುತ್ತೆ. ಮೇಲೆ ತೆಳ್ಳಗೆ ಮೈಕ್ರೊಕ್ರಿಸ್ಟಲಿನ್ ವ್ಯಾಕ್ಸ್, ಅಂದ್ರೆ ತೇವ ತಡೆಯೋ ಮೇಣ. ಬರಹವನ್ನು ಮತ್ತೆ ಕೆತ್ತಿಸೋಣ ಅಂತ ಅಣ್ಣ ಹೇಳಿದ, ನಾನು ಒಪ್ಪಲಿಲ್ಲ. ಆ ನುಣುಪು ಜಾಗ ಹಾಗೇ ಇರಲಿ, ನನ್ನ ಸಹಿ ಅದು. ಎರಡು ಸಾಲನ್ನು ಬೇರೆ ಹಿತ್ತಾಳೆ ತಗಡಿನ ಮೇಲೆ ಬರೆಸಿ ಸ್ಟ್ಯಾಂಡಿಗೆ ಸ್ಕ್ರೂ ಹೊಡೆದೆ. ಸಾಗುವಾನಿ ಸ್ಟ್ಯಾಂಡು, ಮೇಲೆ ಅಲಗು, ಕೆಳಗೆ ಖಾಲಿ ಒರೆ.

ಆಯುಧ ಪೂಜೆ ಬಂತು. ದೊಡ್ಡಮ್ಮ ಒಂದು ಕೈಯಲ್ಲಿ ಹುಣಸೆಹಣ್ಣಿನ ಬಟ್ಟಲು ಹಿಡಿದು ನನ್ನ ಮುಖ ನೋಡಿದರು. ಕತ್ತಿಗೆ ಬೇಡ ದೊಡ್ಡಮ್ಮ, ತಗಡಿಗೆ ಬೇಕಾದ್ರೆ ಹಚ್ಚಿ ಅಂದೆ. ಅವರು ತಗಡನ್ನು ಚೆನ್ನಾಗಿ ತಿಕ್ಕಿ ತೊಳೆದು, ಒರೆಸಿ, ಕುಂಕುಮ ಇಟ್ಟರು. ಬಾರ್ಬರ್ ಹೆಸರು ಯಾಕೆ ಬರೆಸಿಲ್ಲ ಅಂತ ಕೇಳಿದರು. ‘ಆಲ್ ರ್ಯಾಂಕ್ಸ್’ ಅಂದ್ರೆ ಅವನೂ ಸೇರಿದ ಅಂತ ಹೇಳಿದೆ. “ಹಂಗಾರೆ ಸರಿ” ಅಂತ ಆ ಅಕ್ಷರದ ಮೇಲೊಂದು ಸೇವಂತಿಗೆ ಹೂ ಇಟ್ಟರು.